ಮೂರಡಿ ದಾರಿಯಲ್ಲಿ ಟ್ರ್ಯಾಕ್ಟರ್ ಹೋಗಲ್ಲ

"ಪಾರ್ಲಿಮೆಂಟಲ್ಲೇ ಒಬ್ಬರ ಮಾತು ಒಬ್ಬರು ಕೇಳಲ್ಲ. ನಾವ್ಯಾಕೆ ಸಾರ್ ರಾಜಿಯಾಗಬೇಕು?" ರಾಜಿ ಮಾಡಿಸುವ ವಕೀಲನಾದ ನನ್ನ ಹತ್ತಿರ ಮಧ್ಯಸ್ಥಿಕೆಗೆ ಬರುವ ಕಕ್ಷಿದಾರರ ಬಾಯಲ್ಲಿ ಈಚೆಗೆ ಈ ಮಾತು ಜಾಸ್ತಿಯಾಗಿದೆ. ಇನ್ನು ಕೆಲವರು ಒಪ್ಪಿಕೊಂಡೇ ಬರುತ್ತಾರೆ, ಆದರೆ "ಅರ್ಧ ಅವರು ಬಿಡಲಿ, ಅರ್ಧ ನಾವು ಬಿಡ್ತೀವಿ" ಅನ್ನುತ್ತಾರೆ. ನನಗೆ ತಲೆನೋವು ಈ ಎರಡನೆಯವರದ್ದೇ.

ಅವರಿಗೆ ಜಿಎಸ್‌ಟಿ ಕತೆ ಹೇಳುತ್ತೇನೆ. ದರದ ಬಗ್ಗೆ ಬೈಯೋದಿದ್ದರೆ ಆಮೇಲೆ ಬೈಯಿರಿ.

2011ರಲ್ಲಿ ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ ಇದಕ್ಕೆ ಸಂವಿಧಾನ ತಿದ್ದುಪಡಿ ಮಸೂದೆ ತಂದಾಗ ಗುಜರಾತ್, ಮಧ್ಯಪ್ರದೇಶದ ಬಿಜೆಪಿ ಸರ್ಕಾರಗಳು ತಕರಾರು ತೆಗೆದವು. ಆಮೇಲೆ ಬಿಜೆಪಿ ನೇತೃತ್ವದ ಎನ್‌ಡಿಎ ತಂದಾಗ ರಾಜ್ಯಸಭೆಯಲ್ಲಿ ಅಡ್ಡ ನಿಂತದ್ದು ಕಾಂಗ್ರೆಸ್. ಇಂಥ ಅದಲುಬದಲು ನಮ್ಮ ಕೆಲಸದಲ್ಲಿ ದಿನಾ ಕಾಣುತ್ತೆ, ಬಿಡಿ.

ಜಗಳದ ಒಂದು ಗಂಟು ಶೇ. 1ರ ಹೆಚ್ಚುವರಿ ತೆರಿಗೆ. ಸರಕು ರಾಜ್ಯದ ಗಡಿ ದಾಟಿದರೆ, ಕಳಿಸಿದ ರಾಜ್ಯಕ್ಕೆ ಅಷ್ಟು ಸಿಗಬೇಕು ಅಂತ ಮಸೂದೆಯಲ್ಲಿತ್ತು. ತೆಗೆಯಿರಿ, ಇದು ತೆರಿಗೆಯ ಮೇಲೆ ತೆರಿಗೆ ಅಂತ ಕಾಂಗ್ರೆಸ್ ಪಟ್ಟು ಹಿಡಿಯಿತು. ಅರ್ಧರ್ಧದ ಲೆಕ್ಕ ಹಿಡಿದರೆ ಏನಾಗಬೇಕಿತ್ತು? ಶೇ. 0.5. ತೆರಿಗೆಯ ಮೇಲಿನ ತೆರಿಗೆ ಹೋಗುತ್ತಿರಲಿಲ್ಲ, ಕಾರ್ಖಾನೆ ಇರುವ ರಾಜ್ಯಗಳ ಭಯವೂ ಹೋಗುತ್ತಿರಲಿಲ್ಲ.

ಭಯ ಅಂದೆ ನೋಡಿ, ವಿಷಯ ಇರೋದೇ ಅಲ್ಲಿ. ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಹೋಗೋದು ಸರಕು ಬಳಕೆಯಾಗುವ ರಾಜ್ಯಕ್ಕೆ. ಹಾಗಾದರೆ ತಯಾರಿಸುವ ನಮ್ಮ ಬೊಕ್ಕಸದ ಗತಿ ಏನು ಅನ್ನೋದು ಆ ರಾಜ್ಯಗಳ ಚಿಂತೆ. ಅವರು ಕೇಳಿದ್ದು ಶೇ. 1, ಬೇಕಾಗಿದ್ದದ್ದು ಧೈರ್ಯ. ಕೊನೆಗೆ ಆ ಶೇ. 1 ಪೂರ್ತಿ ಹೋಯಿತು. ಬದಲಿಗೆ ಐದು ವರ್ಷ ನಷ್ಟ ತುಂಬಿಕೊಡುವ ಭರವಸೆ ಗಟ್ಟಿಯಾಯಿತು. ಮೊದಲು "ಕೊಡಬಹುದು" ಅಂತಿದ್ದದ್ದು "ಕೊಡತಕ್ಕದ್ದು" ಅಂತಾಯಿತು. ನನ್ನಂಥ ವಕೀಲನಿಗೆ ಇಡೀ ಮಸೂದೆಯಲ್ಲಿ ಇಷ್ಟವಾದ ಜಾಗ ಅದು! ತೆರಿಗೆಗೆ ಶೇ. 18ರ ಮಿತಿ ಸಂವಿಧಾನದಲ್ಲೇ ಇರಲಿ ಎಂದಿದ್ದ ಕಾಂಗ್ರೆಸ್‌ಗೆ ಅದು ಸಿಗಲಿಲ್ಲ. ಆದರೂ 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ಪರವಾಗಿ 203 ಮತ, ವಿರುದ್ಧ ಸೊನ್ನೆ. ಎಐಎಡಿಎಂಕೆಯವರು ಮಾತ್ರ ಎದ್ದು ಹೊರಗೆ ಹೋದರು.

ಎಲ್ಲ ಸುಖಾಂತವಾಯಿತು ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಅದೇ ಪರಿಹಾರದ ಹಣಕ್ಕೆ ಕೇಂದ್ರಕ್ಕೂ ರಾಜ್ಯಗಳಿಗೂ ಮತ್ತೆ ಜಟಾಪಟಿಯಾಯಿತು. ರಾಜಿ ಪತ್ರಕ್ಕೆ ವಾರಂಟಿ ಇರೋದಿಲ್ಲ.

ಒಮ್ಮೆ ಅಣ್ಣತಮ್ಮಂದಿರು ಬಂದಿದ್ದರು. ಗುರುತು ಸಿಗದಂತೆ ಒಂದಿಷ್ಟು ಬದಲಿಸಿ ಹೇಳುತ್ತೇನೆ. ಪಂಚಾಯ್ತಿ ಚುನಾವಣೆಯಲ್ಲಿ ಒಬ್ಬ ಆ ಪಾರ್ಟಿ ಕಡೆ, ಇನ್ನೊಬ್ಬ ಈ ಪಾರ್ಟಿ ಕಡೆ. ತಮ್ಮನಿಗೆ ಅಣ್ಣನ ಹೊಲದಲ್ಲಿ ಆರಡಿ ದಾರಿ ಬೇಕು. ಅಣ್ಣ ಒಂದಡಿಯೂ ಬಿಡಲ್ಲ. ವಕೀಲರಿಬ್ಬರೂ ಸೇರಿ ಮೂರಡಿಗೆ ಮುಗಿಸೋಣ ಅಂದರು. ಮೂರಡಿಯಲ್ಲಿ ಟ್ರ್ಯಾಕ್ಟರ್ ಹೋಗುತ್ತಾ ಸ್ವಾಮಿ?

ಇಬ್ಬರನ್ನೂ ಬೇರೆಬೇರೆ ಕೂರಿಸಿಕೊಂಡು ಕೇಳಿದೆ. ತಮ್ಮನಿಗೆ ದಾರಿ ಬೇಕಿದ್ದದ್ದು ಕೊಯ್ಲಿನ ಹೊತ್ತಿಗೆ ಮಾತ್ರ. ಅಣ್ಣ ಸುಮಾರು ಹೊತ್ತು ಸುಮ್ಮನಿದ್ದು, "ಅವನ ಪಾರ್ಟಿ ಹುಡುಗ್ರು ದಿನಾ ಬೈಕಲ್ಲಿ ನಮ್ಮನೆ ಮುಂದೇನೆ ಕೇಕೆ ಹಾಕ್ಕೊಂಡು ಓಡಾಡ್ತಾರೆ ಸಾರ್" ಅಂದರು. ಹೊಲದ ಇನ್ನೊಂದು ಬದುವಿನ ಪಕ್ಕ, ಕೊಯ್ಲಿನ ಕಾಲಕ್ಕೆ ಮಾತ್ರ, ಪೂರ್ತಿ ಆರಡಿ ಅಂತ ಬರೆದೆವು. ಎಲ್ಲ ಕೇಸಿಗೂ ಇದು ಒಗ್ಗುತ್ತೆ ಅಂದುಕೊಳ್ಳಬೇಡಿ.

ಸಹಿ ಹಾಕುವ ಮುಂಚೆ ಅಣ್ಣ ಪೆನ್ನು ಕೆಳಗಿಟ್ಟು, "ಗೆದ್ದೆ ಅಂತ ಇವನು ಟೀ ಅಂಗಡೀಲಿ ಹೇಳಬಾರದು, ಅದನ್ನೂ ಬರೀರಿ" ಅಂದರು. ಅದನ್ನೆಲ್ಲ ಬರೆಯೋಕಾಗಲ್ಲ ಅಂದೆ. ತಮ್ಮ ತಲೆ ತಗ್ಗಿಸಿಕೊಂಡೇ, "ಹೇಳಲ್ಲ ಕಣಣ್ಣ" ಅಂದ. ವಾಪಸ್ ಊರಿಗೆ ಬೇರೆಬೇರೆ ಬಸ್ಸಲ್ಲೇ ಹೋದರು. ಮುಂದಿನ ಚುನಾವಣೆಯಲ್ಲೂ ಎದುರುಬದುರೇ ನಿಲ್ಲುತ್ತಾರಂತೆ.