ಮೆರವಣಿಗೆ ಮುಗಿದ ಮೇಲೆ ಮಾಜಿ ಸೈನಿಕರ ಜೊತೆ ಯಾರಿರ್ತಾರೆ?

ಹೊಸ ತಿಂಗಳ ಮೊದಲ ಎರಡು-ಮೂರು ದಿನ ಹುಬ್ಬಳ್ಳಿ ರೈಲು ನಿಲ್ದಾಣದ ಹೊರಗೆ ಒಮ್ಮೊಮ್ಮೆ ದೊಡ್ಡ ಸಡಗರ ಕಾಣುತ್ತದೆ. ಹೂವು ಕಟ್ಟಿದ ತೆರೆದ ಜೀಪು, ಜಾಂಜ್ ಮೇಳ, ತ್ರಿವರ್ಣ ಧ್ವಜ ಹಿಡಿದ ಹುಡುಗರು. ಸೇನೆಯಲ್ಲಿ ನಿವೃತ್ತಿ ತಿಂಗಳ ಕೊನೆಯ ದಿನಕ್ಕೆ ಬೀಳುತ್ತದೆ. ಹಾಗಾಗಿ ಯೋಧರು ಊರು ಮುಟ್ಟುವುದು ಈ ದಿನಗಳಲ್ಲೇ. ಜೀಪು ಅಲ್ಲಿಂದ ಕುಂದಗೋಳ, ನವಲಗುಂದ, ಶಿಗ್ಗಾವಿ ಕಡೆಯ ಯಾವುದೋ ಹಳ್ಳಿಗೆ ಹೊರಡುತ್ತದೆ. ಅಗಸಿಯಲ್ಲಿ ಆರತಿ ಹಿಡಿದ ಹೆಣ್ಣುಮಕ್ಕಳು ಕಾಯುತ್ತಿರುತ್ತಾರೆ.

ಈ ಪದ್ಧತಿ ಹಳೆಯದೇನಲ್ಲ. 1970-80ರ ದಶಕದಲ್ಲಿ ನಿವೃತ್ತರಾದವರು ಕಪ್ಪು ಟ್ರಂಕು, ಹಾಸಿಗೆ ಸುರುಳಿ ಹೊತ್ತು ಬಸ್ ಹತ್ತಿ ಸುಮ್ನೆ ಮನೆಗೆ ಬಂದವರು. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಸೈನಿಕ ಸಂಖ್ಯೆ, ಹುದ್ದೆ, ಹೆಸರು. ಎಷ್ಟೋ ಮನೆಗಳಲ್ಲಿ ಆ ಟ್ರಂಕು ಇಂದಿಗೂ ಜೋಳದ ಚೀಲಗಳ ಪಕ್ಕದಲ್ಲಿದೆ. ಊರಿನವರು ಅವರನ್ನು 'ಮಿಲಿಟ್ರಿಯವರು' ಅಂತ ಗೌರವದಿಂದಲೇ ಕರೆದರು. ಆದರೆ ಊರೆಲ್ಲ ಸೇರಿ ಹಾರ ಹಾಕುವ ರೂಢಿ ಇರಲಿಲ್ಲ. ಯಾಕೆ ಅಂತ ತಿಳಿಯೋಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೊಳಗೇ ಇದ್ದವು. ಅವು ಬೇರೆಯಾಗಿದ್ದು 1997ರಲ್ಲಿ. ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮೊದಲ ಮಹಾಯುದ್ಧದಲ್ಲಿ ಮುಂಬೈ ಪ್ರಾಂತ್ಯದ ಮರಾಠಾ ಪಲ್ಟನ್‌ಗಳು ಇಂದಿನ ಇರಾಕ್‌ನಲ್ಲಿ ಕಾದಾಡಿದವು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟಿಷ್ ಸರ್ಕಾರ 'ಇಂಡಿಯನ್ ಸೋಲ್ಜರ್ಸ್ ಬೋರ್ಡ್' ಮಾಡಿತು. ಮಾಜಿ ಸೈನಿಕರ ಕಲ್ಯಾಣ ನೋಡಿಕೊಳ್ಳುವ ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ ಅದೇ. 1922ರಲ್ಲಿ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಬೆಳಗಾವಿಗೆ ಬಂತು. ಧಾರವಾಡದ ಹುಡುಗರಿಗೆ ಸೇನೆಯ ಬಾಗಿಲು ಇನ್ನೂ ಹತ್ತಿರವಾಯಿತು.

ಆದರೆ ಅದು ಪರರ ಸೇನೆ. 1943ರ ಏಪ್ರಿಲ್ 1ರಂದು ಹಾವೇರಿಯ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಮತ್ತು ಇಬ್ಬರು ಸಂಗಾತಿಗಳು ಬ್ರಿಟಿಷ್ ಆಡಳಿತದ ಗುಂಡಿಗೆ ಬಲಿಯಾದರು. ಎರಡನೇ ಮಹಾಯುದ್ಧದ ಅದೇ ವರ್ಷಗಳಲ್ಲಿ ಮುಂಬೈ ಕರ್ನಾಟಕದ ಯುವಕರು ಅದೇ ಸರ್ಕಾರದ ಸಮವಸ್ತ್ರ ತೊಟ್ಟು ಆಫ್ರಿಕಾ, ಇಟಲಿ, ಬರ್ಮಾಗಳಲ್ಲಿ ಹೋರಾಡುತ್ತಿದ್ದರು. ಹೊಟ್ಟೆಪಾಡಿಗೆ ಹೋದ ಆ ಹುಡುಗರನ್ನು ಊರು ದೂರಲೂ ಇಲ್ಲ, ಹೊಗಳಲೂ ಇಲ್ಲ. ಆ ಮೌನ ಸ್ವಾತಂತ್ರ್ಯದ ನಂತರವೂ ಬಹಳ ಕಾಲ ಉಳಿಯಿತು ಅಂತ ನನಗನ್ನಿಸುತ್ತದೆ. 1949ರಿಂದ ಡಿಸೆಂಬರ್ 7ರಂದು, ಸೈನಿಕರ ಕಲ್ಯಾಣಕ್ಕೆ ಹಣ ಕೂಡಿಸುವ ಧ್ವಜ ದಿನಾಚರಣೆ ಶುರುವಾಯಿತು. ಶಾಲೆಯಲ್ಲಿ ಪುಟ್ಟ ಧ್ವಜದ ಚೀಟಿ ಕೊಟ್ಟು ಚಿಲ್ಲರೆ ಕಾಸು ಕೂಡಿಸುತ್ತಿದ್ದುದು ಬಹಳ ಜನರಿಗೆ ನೆನಪಿರಬೇಕು. ಕೃತಜ್ಞತೆ ಆ ಚೀಟಿಯ ಆಚೆ ಹೋಗಲಿಲ್ಲ.

ಕಾರ್ಗಿಲ್ ಯುದ್ಧ ಇದನ್ನು ಬದಲಿಸಿತು. 1965, 1971ರಲ್ಲಿ ಮಡಿದವರ ದೇಹ ಮನೆಗೆ ಬಂದಿದ್ದು ಕಡಿಮೆ. ತಂತಿ ಬರುತ್ತಿತ್ತು, ಆಮೇಲೆ ಅವರ ಸಾಮಾನು. 1999ರಲ್ಲಿ ಯೋಧರ ದೇಹಗಳನ್ನು ಅವರವರ ಊರಿಗೇ ಕಳಿಸಲಾಯಿತು. ಟಿವಿಯಲ್ಲಿ ನೋಡಿದ ಯುದ್ಧ ಸ್ವಂತ ಊರಿನ ಅಂಗಳಕ್ಕೆ ಬಂತು. ಧಾರವಾಡದ ಕಿತ್ತೂರು ಚೆನ್ನಮ್ಮ ಉದ್ಯಾನದಲ್ಲಿ ಕಾರ್ಗಿಲ್ ಸ್ತೂಪ ಎದ್ದಿತು. ಈಗ ಜುಲೈ 26ರಂದು ಅಲ್ಲಿ ಹೂವಿಡುತ್ತಾರೆ.

ಇನ್ನು 2016ರ ಫೆಬ್ರುವರಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದಲ್ಲಿ, ಹಿಮದಡಿ ಸಿಲುಕಿದರು. ಆರು ದಿನದ ಮೇಲೆ ಜೀವಂತ ಸಿಕ್ಕರು. ಗುಡಿ, ದರ್ಗಾ, ಚರ್ಚುಗಳಲ್ಲಿ ಪ್ರಾರ್ಥನೆ ನಡೆಯಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿ ನಿಂತರು. ಬದುಕಿ ಬಂದವರಿಗೂ ಗೌರವ ಸಲ್ಲಬೇಕು ಅನ್ನೋ ಭಾವನೆ ಈ ಸೀಮೆಯಲ್ಲಿ ಗಟ್ಟಿಯಾಗಿದ್ದು ಆಮೇಲೆಯೇ. ಜೀಪಿನ ಮೆರವಣಿಗೆಗಳು ಜಾಸ್ತಿಯಾಗಿದ್ದೂ ಈ ವರ್ಷಗಳಲ್ಲೇ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ.

ಮೆರವಣಿಗೆಯ ಮರುದಿನ ಏನಾಗುತ್ತದೆ ಅನ್ನೋದೇ ನನ್ನ ಚಿಂತೆ. ಸಿಪಾಯಿಯಾಗಿ ಸೇರಿದವರು ಸಾಮಾನ್ಯವಾಗಿ 40ರ ಆಸುಪಾಸಿಗೆ ಮನೆಗೆ ಬರುತ್ತಾರೆ. ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಮಾಜಿ ಸೈನಿಕರಿಗೆ ಗುಮಾಸ್ತ ದರ್ಜೆಯಲ್ಲಿ 14.5 ಶೇಕಡಾ, ಅದರ ಕೆಳಗಿನ ದರ್ಜೆಯಲ್ಲಿ 24.5 ಶೇಕಡಾ ಮೀಸಲಾತಿ ಇದೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು ಎಷ್ಟೋ ಕಡೆ ಮಾಜಿ ಸೈನಿಕರೇ. ಸರ್ಕಾರಿ ಜಮೀನು ಮಂಜೂರಾತಿಯ ನಿಯಮದಲ್ಲೂ ಅವರಿಗೆ ಪಾಲಿದೆ. ಆದರೆ ಆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಹಾರ ಹಾಕಿದವರು ಜೊತೆಗಿರುವುದಿಲ್ಲ.

ಜಾಸ್ತಿ ಕಷ್ಟ ವಿಧವೆಯರಿಗೆ. ಸೇನೆಯ ದಾಖಲೆಯಲ್ಲಿ ಹೆಸರು ಗಂಗವ್ವ ಅಂತಿರುತ್ತದೆ, ಆಧಾರ್‌ನಲ್ಲಿ ಗಂಗಮ್ಮ. ಅಷ್ಟಕ್ಕೇ ಕುಟುಂಬ ಪಿಂಚಣಿ ತಡವಾಗಬಹುದು. ಪಿಂಚಣಿ ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಇದನ್ನು ಮಾಡಬಹುದು. ಓಣಿಯ ಕಾಲೇಜು ಹುಡುಗ ಅಜ್ಜಿಯ ಪಕ್ಕ ಸ್ವಲ್ಪ ಹೊತ್ತು ಕೂತರೆ ಕೆಲಸ ಮುಗಿಯುತ್ತದೆ, ಅಲ್ವಾ?

ಇದಕ್ಕೆ ಒಳ್ಳೆಯ ದಿನವೂ ಇದೆ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ 1953ರ ಜನವರಿ 14ರ ನೆನಪಿಗೆ ಅಂದು ಮಾಜಿ ಸೈನಿಕರ ದಿನ ಆಚರಿಸುತ್ತಾರೆ. ನಮ್ಮಲ್ಲಿ ಅದು ಸಂಕ್ರಾಂತಿ ಹೊತ್ತು. ಕುಸುರೆಳ್ಳು ಹಿಡಿದು ಹಿರಿಯರ ಮನೆಗೆ ಹೋಗುವ ರೂಢಿ ಹೇಗೂ ಇದೆ. ಮಿಲಿಟ್ರಿ ಕಾಕಾನ ಮನೆಗೂ ಹೋಗಿ, ಕಾಗದಪತ್ರ ಏನಾದರೂ ನಿಂತಿದೆಯಾ ಅಂತ ಕೇಳಬಹುದು. ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಧಾರವಾಡದಲ್ಲೇ ಇದೆ.

ಮುಂದಿನ ಪ್ರಶ್ನೆ ಇನ್ನೂ ದೊಡ್ಡದು. ಯುವಕರನ್ನು 4 ವರ್ಷಕ್ಕೆ ಸೇನೆಗೆ ಸೇರಿಸಿಕೊಳ್ಳುವ, 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಮೊದಲ ತಂಡದ ಅವಧಿ 2026ರ ಕೊನೆಯಿಂದ ಮುಗಿಯತೊಡಗುತ್ತದೆ. ಯೋಜನೆಯ ಪ್ರಕಾರ ಸೇನೆಯಲ್ಲಿ ಉಳಿಯುವವರು 25 ಶೇಕಡಾದವರೆಗೆ ಮಾತ್ರ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿಯೊಂದಿಗೆ ಮರಳುತ್ತಾರೆ. ಪಿಂಚಣಿ ಇಲ್ಲ, ಮಾಜಿ ಸೈನಿಕರ ದರ್ಜೆಯೂ ಇಲ್ಲ. ಇಪ್ಪತ್ತರ ಹರೆಯದ ಈ ಹುಡುಗರಿಗೆ ಬೇಕಾಗಿರುವುದು ಕೆಲಸ. ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆ, ಧಾರವಾಡ ಬಳಿಯ ಬೇಲೂರಿನ ಕಾರ್ಖಾನೆಗಳ ಮಾಲೀಕರ ಜೊತೆ ಊರಿನ ಹಿರಿಯರು, ಮಾಜಿ ಸೈನಿಕರ ಸಂಘಗಳು ಈಗಲೇ ಮಾತಾಡಬೇಕು. ಅವರು ರೈಲು ಇಳಿಯುವ ಮೊದಲೇ.