ವೈರನ್ನು ಹಿಡಿದಿರುವುದು ಯಾವುದು?

2010ರ ಏಪ್ರಿಲ್ 6ರಂದು ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶರ್ಲಿ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಒಂದು ಫ್ಲ್ಯಾಟಿಗೆ ಬೆಂಕಿ ಬಿತ್ತು. ಆರಿಸಲು ಒಳಗೆ ಹೋದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಇಬ್ಬರು ಜೀವಂತ ಹೊರಬರಲಿಲ್ಲ. ವಿಪರೀತ ಶಾಖ, ಕಣ್ಣು ಕಾಣದ ಹೊಗೆ ಇದ್ದದ್ದು ಸರಿ. ಅದರ ಜೊತೆಗೆ ಅವರಿಗೆ ತೊಡರಿಕೊಂಡದ್ದು ಮೇಲಿಂದ ಜೋತುಬಿದ್ದ ವೈರುಗಳು. ವೈರುಗಳನ್ನು ಒಳಗಿಟ್ಟು ಹಿಡಿದಿದ್ದದ್ದು ಟೊಳ್ಳು ಪ್ಲಾಸ್ಟಿಕ್ ಪಟ್ಟಿ. ಶಾಖಕ್ಕೆ ಅದು ಕರಗಿತು, ವೈರುಗಳು ಬಲೆಯಂತೆ ಇಳಿಬಿದ್ದವು. ಇದಕ್ಕೂ ಐದು ವರ್ಷ ಮೊದಲು, 2005ರ ಫೆಬ್ರುವರಿಯಲ್ಲಿ, ಸ್ಟೀವನೇಜ್ ಊರಿನ ಹ್ಯಾರೋ ಕೋರ್ಟ್ ಕಟ್ಟಡದ ಬೆಂಕಿಯಲ್ಲೂ ಹೀಗೇ ಕುಸಿದ ಕೇಬಲ್ಲುಗಳು ಅಗ್ನಿಶಾಮಕ ಸಿಬ್ಬಂದಿಗೆ ಸುತ್ತಿಕೊಂಡಿದ್ದವು.

ಇಲ್ಲಿ ಲೆಕ್ಕ ಸರಳ. ಇಂಥ ಪಟ್ಟಿ ಮಾಡುವ ಪ್ಲಾಸ್ಟಿಕ್ಕಾದ ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ತಾಮ್ರ ಕರಗಲು 1,085 ಡಿಗ್ರಿ ಬೇಕು. ಹಾಗಾಗಿ ಬೆಂಕಿ ಬಿದ್ದಾಗ ಮೊದಲು ಸೋಲುವುದು ವೈರನ್ನು ಹಿಡಿದಿರುವ ಪಟ್ಟಿ. ಒಳಗಿನ ತಾಮ್ರದ ಎಳೆ ಗಟ್ಟಿಯಾಗಿಯೇ ಉಳಿದು ನೇತಾಡುತ್ತದೆ. ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671, 2015ರ ತಿದ್ದುಪಡಿಯಲ್ಲಿ, ಜನ ತಪ್ಪಿಸಿಕೊಂಡು ಹೋಗುವ ದಾರಿಗಳಲ್ಲಿನ ವೈರುಗಳು ಬೆಂಕಿಗೆ ಬೇಗ ಕುಸಿಯದಂತೆ ಹಿಡಿದಿರಬೇಕು ಎಂದಿತು. 2018ರ ಆವೃತ್ತಿ ಅದನ್ನು ಕಟ್ಟಡದ ಎಲ್ಲ ಭಾಗಗಳಿಗೂ ವಿಸ್ತರಿಸಿತು. ಪ್ಲಾಸ್ಟಿಕ್ ಪಟ್ಟಿ ಬಳಸಬಾರದೆಂದೇನೂ ಅಲ್ಲ. ಅದರೊಳಗೆ ಅಲ್ಲಲ್ಲಿ ಉಕ್ಕಿನ ಕ್ಲಿಪ್ಪು ಇರಬೇಕು, ಅಷ್ಟೇ.

ನಮ್ಮ ಮನೆಗಳಲ್ಲಿ ವೈರು ಬಹುಪಾಲು ಗೋಡೆ ಮತ್ತು ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಒಳಗಿನ ಪೈಪಿನಲ್ಲಿ ಅಡಗಿರುವುದರಿಂದ ಈ ಅಪಾಯ ಕಡಿಮೆ ಇತ್ತು. ಇತ್ತು ಎನ್ನಲು ಕಾರಣ ಫಾಲ್ಸ್ ಸೀಲಿಂಗ್. ಜಿಪ್ಸಮ್ ಹಲಗೆಯ ಮೇಲಿನ ಖಾಲಿ ಜಾಗದಲ್ಲಿ ಏನಿದೆಯೆಂದು ಮನೆಯ ಮಾಲೀಕರು ನೋಡುವುದೇ ಇಲ್ಲ. ಎಷ್ಟೋ ಕಡೆ ದೀಪಗಳಿಗೆ ಹೋಗುವ ವೈರನ್ನು ಹಲಗೆಯ ಮೇಲೇ ಎಸೆದು, ಜೋಡಣೆಗಳಿಗೆ ಟೇಪು ಸುತ್ತಿ ಮುಚ್ಚಿರುತ್ತಾರೆ. ಆ ಹಲಗೆ ಹೊತ್ತಿರಬೇಕಾದದ್ದು ತನ್ನ ಭಾರವನ್ನು ಮಾತ್ರ. ಮೇಲಿನ ಮೋಲ್ಡಿಗೆ ಲೋಹದ ಸ್ಯಾಡಲ್ (ಪೈಪನ್ನು ತಬ್ಬಿ ಹಿಡಿಯುವ ಕೊಂಡಿ) ಹೊಡೆದು ಪೈಪನ್ನು ಅದಕ್ಕೇ ಹಿಡಿಸುವುದು ಹೆಚ್ಚು ಖರ್ಚಿನ ಕೆಲಸವೇನೂ ಅಲ್ಲ. ಹಾಗೆಯೇ, ವೈರಿನ ಸುರುಳಿಯ ಮೇಲೆ ಎಫ್‌ಆರ್ ಎಂದು ಬರೆದಿದ್ದರೆ ನಿಶ್ಚಿಂತೆ ಎಂದುಕೊಳ್ಳುವವರಿದ್ದಾರೆ. ಅದು ಹೊದಿಕೆ ಬೆಂಕಿಯನ್ನು ಸುಲಭವಾಗಿ ಹಬ್ಬಿಸುವುದಿಲ್ಲ ಎಂಬ ಮಾತು. ವೈರು ಕೆಳಗೆ ಬೀಳುವುದಿಲ್ಲ ಎಂದಲ್ಲ.

ಬೆಂಕಿಯ ಮಾತು ಬಿಡಿ, ದಿನನಿತ್ಯವೂ ವೈರಿನ ಮೇಲೆ ಬಲಗಳು ಕೆಲಸ ಮಾಡುತ್ತಲೇ ಇರುತ್ತವೆ. ಮೊದಲನೆಯದು ಭಾರ. 10 ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಸುಮಾರು 90 ಗ್ರಾಂ ತೂಗುತ್ತದೆ, ಹೊದಿಕೆ ಬಿಟ್ಟು. ಕೆಳಗಿನ ಮೀಟರ್ ಬೋರ್ಡಿನಿಂದ ಮೂರನೇ ಮಹಡಿಗೆ 12 ಮೀಟರ್ ನೇರ ಏರಿದರೆ ಒಂದೊಂದು ವೈರಿನ ತೂಕವೂ ಒಂದು ಕಿಲೋ ದಾಟುತ್ತದೆ. ನಡುವೆ ಎಲ್ಲೂ ಹಿಡಿತವಿಲ್ಲದಿದ್ದರೆ ಆ ಭಾರ ಮೇಲಿನ ಡಿಬಿಯ (ಮನೆಯೊಳಗೆ ವಿದ್ಯುತ್ತನ್ನು ಹಂಚುವ ಪೆಟ್ಟಿಗೆಯ) ಸ್ಕ್ರೂ ಮೇಲೆ ಬೀಳುತ್ತದೆ. ಸ್ಕ್ರೂ ಸಡಿಲವಾದರೆ ಅಲ್ಲಿ ತಡೆ ಹೆಚ್ಚುತ್ತದೆ, ತಡೆ ಇದ್ದಲ್ಲಿ ಶಾಖ ಹುಟ್ಟುತ್ತದೆ, ಶಾಖಕ್ಕೆ ಹಿಗ್ಗಿ ಕುಗ್ಗಿ ಜೋಡಣೆ ಇನ್ನಷ್ಟು ಸಡಿಲವಾಗುತ್ತದೆ. ಡಿಬಿಯಲ್ಲಿ ಕಂದಿದ ಪ್ಲಾಸ್ಟಿಕ್ ಕಂಡರೆ ಹೊರೆ ಮೀರಿದಾಗ ವಿದ್ಯುತ್ತು ಕಡಿಯುವ ಎಂಸಿಬಿ ಸ್ವಿಚ್ಚನ್ನು ಬೈಯುವ ಮೊದಲು ಈ ಸರಪಳಿಯನ್ನು ನೆನೆಯಬೇಕು.

ಅಡ್ಡಲಾಗಿ ಹೋಗುವ ವೈರಿನ ಕಷ್ಟ ಬೇರೆ. ಅಲ್ಲಿ ಭಾರ ಉದ್ದಕ್ಕಲ್ಲ, ಅಡ್ಡಕ್ಕೆ ಎಳೆಯುತ್ತದೆ, ವೈರು ಜೋಲುತ್ತದೆ. ಅದಕ್ಕೇ ಬ್ರಿಟನ್ನಿನ ಎಲೆಕ್ಟ್ರಿಷಿಯನ್ನರ ಕೈಪಿಡಿ 9 ಮಿಲಿಮೀಟರಿಗಿಂತ ದಪ್ಪವಿಲ್ಲದ ಕೇಬಲ್ಲಿಗೆ ಅಡ್ಡ ಓಟದಲ್ಲಿ 25 ಸೆಂಟಿಮೀಟರಿಗೊಂದು, ನೇರ ಏರಿಕೆಯಲ್ಲಿ 40 ಸೆಂಟಿಮೀಟರಿಗೊಂದು ಕ್ಲಿಪ್ಪು ಸಾಕೆನ್ನುತ್ತದೆ. ನಮ್ಮಲ್ಲಿ ಗೋಡೆಯ ಮೇಲ್ಮೈಯಲ್ಲಿ ಓಡುವ ಪಿವಿಸಿ ಪೈಪಿಗೆ 60 ಸೆಂಟಿಮೀಟರಿಗೊಂದು ಸ್ಯಾಡಲ್ ಎಂಬ ರೂಢಿಯ ನಿಯಮವಿದೆ. ಕೆಲಸ ಬೇಗ ಮುಗಿಯಲೆಂದು ಆ ಅಂತರವನ್ನು ಎರಡರಷ್ಟು ಮಾಡಿದರೆ ಪೈಪು ಎರಡರಷ್ಟು ಬಾಗುತ್ತದೆಯೇ? ಇಲ್ಲ. ಎರಡು ಆಧಾರಗಳ ನಡುವೆ ತನ್ನದೇ ಭಾರಕ್ಕೆ ಬಾಗುವ ದಂಡದ ಜೋಲು ಅಂತರದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಎರಡರಷ್ಟು ಅಂತರಕ್ಕೆ ಹದಿನಾರು ಪಟ್ಟು ಜೋಲು.

ಹಾಗೆಂದು ಸ್ಯಾಡಲನ್ನು ಉಸಿರುಗಟ್ಟುವಂತೆ ಬಿಗಿಯುವುದೂ ಸಲ್ಲ. ಪಿವಿಸಿ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಕಲಬುರಗಿಯ ಬಿಸಿಲು ನೇರ ಬೀಳುವ ಗೋಡೆಯ ಮೇಲೆ 3 ಮೀಟರಿನ ಪೈಪು 30 ಡಿಗ್ರಿ ಬಿಸಿಯಾದರೆ ಆರು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಜರುಗಲು ಜಾಗವಿಲ್ಲದ ಪೈಪು ಹಾವಿನ ಹಾಗೆ ಡೊಂಕಾಗುತ್ತದೆ, ಇಲ್ಲವೇ ಸ್ಯಾಡಲಿನ ಸ್ಕ್ರೂ ಕೀಳುತ್ತದೆ.

ವೈರುಗಳನ್ನು ಕಟ್ಟುವ ನೈಲಾನ್ ಪಟ್ಟಿ, ಅಂದರೆ ಕೇಬಲ್ ಟೈ, ಬಿಗಿಯುವಾಗಲೂ ಅದೇ ಮಾತು. ಬೆಚ್ಚಗಿನ ಪಿವಿಸಿ ಮೇಲೆ ಒತ್ತಡ ಸದಾ ಇದ್ದರೆ ಹೊದಿಕೆ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ತೆಳುವಾಗುತ್ತದೆ. ಇನ್ನೂ ಒಂದಿದೆ. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುವಾಗ 2.5 ಚದರ ಮಿಲಿಮೀಟರಿನ ಜೋಡಿ ವೈರು ಪ್ರತಿ ಮೀಟರಿಗೆ ಎರಡೂವರೆ ವ್ಯಾಟ್ ಶಾಖ ಬಿಡುತ್ತದೆ. ಒಂದೇ ಜೋಡಿಗೆ ಅದು ಏನೂ ಅಲ್ಲ. ಅಂಥ ಮೂರು ಸರ್ಕ್ಯೂಟುಗಳನ್ನು ಒಂದೇ ಕಟ್ಟಾಗಿ ಬಿಗಿದರೆ ನಡುವಿನ ವೈರಿಗೆ ಶಾಖ ಹೊರಹಾಕಲು ದಾರಿಯಿಲ್ಲ. ಪ್ರತಿಯೊಂದರ ಸಾಮರ್ಥ್ಯವನ್ನೂ 70 ಶೇಕಡಾಕ್ಕೆ ಇಳಿಸಿ ಲೆಕ್ಕ ಹಾಕಬೇಕಾಗುತ್ತದೆ. ನೋಡಲು ಬಲು ಅಚ್ಚುಕಟ್ಟಾದ ವೈರಿಂಗ್ ಎಲ್ಲ ಸಲವೂ ಒಳ್ಳೆಯ ವೈರಿಂಗ್ ಅಲ್ಲ.

ಇನ್ನು ಮೋಲ್ಡ್ ಹಾಕುವ ದಿನ. ಅಂದು ಪೈಪನ್ನು ಹಿಡಿಯಬೇಕಾದದ್ದು ಕೆಳಗೆ ಬೀಳದಂತೆ ಅಲ್ಲ, ಮೇಲೆ ತೇಲದಂತೆ! ಹಸಿ ಕಾಂಕ್ರೀಟು ಲೀಟರಿಗೆ ಸುಮಾರು 2.4 ಕಿಲೋ ತೂಗುವ ದ್ರವ. 25 ಮಿಲಿಮೀಟರಿನ ಪೈಪು ಪ್ರತಿ ಮೀಟರಿಗೆ ಅರ್ಧ ಲೀಟರಿನಷ್ಟು ಜಾಗ ಹಿಡಿಯುತ್ತದೆ, ಅಂದರೆ ಸುಮಾರು 1.2 ಕಿಲೋ ಕಾಂಕ್ರೀಟನ್ನು ಪಕ್ಕಕ್ಕೆ ತಳ್ಳುತ್ತದೆ. ಖಾಲಿ ಪೈಪಿನ ತೂಕ ಅದರ ಮುಂದೆ ಏನೇನೂ ಅಲ್ಲ. ಆರ್ಕಿಮಿಡೀಸನ ತತ್ವದಂತೆ ಮೀಟರಿಗೆ ಹತ್ತಿರಹತ್ತಿರ ಒಂದು ಕಿಲೋ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಮೇಲಿಂದ ವೈಬ್ರೇಟರಿನ ನಡುಕ, ಬಾಂಡ್ಲಿ ಹೊತ್ತವರ ಓಡಾಟ. ಕಂಬಿಗೆ ಬೈಂಡಿಂಗ್ ವೈರಿನಿಂದ ಸರಿಯಾಗಿ ಕಟ್ಟದ ಪೈಪು ಎದ್ದು ಬರುತ್ತದೆ, ತಿರುವಿನಲ್ಲಿರುವ ಬೆಂಡಿನ ಜೋಡಣೆ ಬಿಚ್ಚಿಕೊಳ್ಳುತ್ತದೆ, ಸಿಮೆಂಟ್ ಹಾಲು ಒಳಗೆ ಇಳಿದು ಗಟ್ಟಿಯಾಗುತ್ತದೆ. ತಿಂಗಳು ಕಳೆದು ವೈರು ಎಳೆಯಲು ಬಂದಾಗಲೇ ಅದು ಗೊತ್ತಾಗುವುದು. ಆಗ ಉಳಿಯುವ ದಾರಿ ಮೋಲ್ಡ್ ಒಡೆಯುವುದು. ಪೈಪು ಕೆಳಗಿನ ಕಂಬಿಗಳ ಮೇಲೆ ಇರಬೇಕು, ಅಡಿಯಲ್ಲಲ್ಲ. ಡಿಬಿಯ ಬಳಿ ಪೈಪುಗಳು ಗುಂಪುಗೂಡುವಲ್ಲಿ ಅವುಗಳ ನಡುವೆ 20 ಮಿಲಿಮೀಟರ್ ಜಲ್ಲಿ ಇಳಿಯುವಷ್ಟು ಸಂದು ಬಿಡಬೇಕು, ಇಲ್ಲವಾದರೆ ಅಲ್ಲಿ ಪೊಳ್ಳು ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಆ ದಿನ ಮೋಲ್ಡಿನ ಮೇಲೆ ಹಾಜರಿರಲೇಬೇಕು ಎಂಬುದು ನನ್ನ ಹಟ.

ಪೈಪು ಹುದುಗಿಸಲು ಗೋಡೆ ಕೊರೆಯುವ ವಿಷಯದಲ್ಲಿ ಒಂದೇ ಲೆಕ್ಕ ಸಾಕು. ಇಟ್ಟಿಗೆ ಗೋಡೆಯಲ್ಲಿ ನೇರ ಕೊರೆತ ದಪ್ಪದ ಮೂರನೇ ಒಂದು, ಅಡ್ಡ ಕೊರೆತ ಆರನೇ ಒಂದು ಭಾಗ ಮೀರಬಾರದು. ನಾಲ್ಕಿಂಚಿನ ಗೋಡೆಯಲ್ಲಿ 25 ಮಿಲಿಮೀಟರ್ ಪೈಪು ನೇರವಾಗಿ ಇಳಿಯಬಹುದು. ಅಡ್ಡಲಾಗಿ ಸಿಗುವ ಆಳ 17 ಮಿಲಿಮೀಟರ್ ಮಾತ್ರ, ಪೈಪೇ ಹಿಡಿಸುವುದಿಲ್ಲ.

ಈಗೀಗ ತಾರಸಿಯ ಸೌರ ಫಲಕಗಳು ಹೊಸ ತಲೆನೋವು ತಂದಿವೆ. ಅಲ್ಲಿನ ಬಲ ಗಾಳಿ. ಬಿಳಿ ನೈಲಾನ್ ಟೈ ಬಿಸಿಲಿಗೆ ಪೆಡಸಾಗಿ ಮುರಿದರೆ ವೈರು ಜೋತು ಫ್ರೇಮಿನ ಚೂಪು ಅಂಚಿಗೆ ಉಜ್ಜುತ್ತಾ ಹೊದಿಕೆ ಸವೆಸಿಕೊಳ್ಳುತ್ತದೆ. ಮನೆಯ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್ತು, ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಹುಟ್ಟಿದ ಕಿಡಿ ಆರಲು ಅವಕಾಶವಿದೆ. ಫಲಕದಿಂದ ಬರುವ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತು, ಸೊನ್ನೆ ಮುಟ್ಟುವುದೇ ಇಲ್ಲ; ಹೊತ್ತಿಕೊಂಡ ಕಿಡಿ ಬಿಸಿಲಿರುವವರೆಗೂ ಉರಿಯುತ್ತಲೇ ಇರಬಲ್ಲದು. ಹಾಗಾಗಿ ಅಲ್ಲಿ ಬಿಸಿಲು ತಡೆಯುವ ಕಪ್ಪು ಟೈ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ಪು, ಅಂಚು ದಾಟುವಲ್ಲಿ ರಬ್ಬರಿನ ಸುತ್ತು ಇರಬೇಕು. ಕೆಲಸ ಮುಗಿಸಿ ಹೊರಟವರನ್ನು ನಿಲ್ಲಿಸಿ, ಫಲಕದ ಹಿಂಬದಿಯನ್ನೊಮ್ಮೆ ತೋರಿಸಿ ಎಂದು ಕೇಳುವುದು ಮನೆಯವರ ಹಕ್ಕು.