ಕೋಲಾರದ ಪಿನ್‌ಕೋಡ್ ಒಡೆಯುವುದು ಸುಲಭ, ಚಿಕ್ಕಬಳ್ಳಾಪುರದ್ದು ಅಲ್ಲ

ತುಮಕೂರು 572101, ಕೋಲಾರ 563101, ಚಿಕ್ಕಬಳ್ಳಾಪುರ 562101. ಪಿನ್‌ಕೋಡ್‌ಗಳು 1972ರಲ್ಲಿ ಅಂಚೆ ವಿಂಗಡಣೆಗೆಂದು ಬಂದವು, ಗಣಿತಕ್ಕೆಂದಲ್ಲ. ಆದರೂ ಇವನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಲು ಕೂತರೆ, ಹೆಚ್ಚುಕಡಿಮೆ ಒಂದೇ ಗಾತ್ರದ ಮೂರು ಸಂಖ್ಯೆಗಳ ಸ್ವಭಾವ ಎಷ್ಟು ಬೇರೆ ಎಂದು ತಿಳಿಯುತ್ತದೆ.

ಮೂರೂ 1ರಲ್ಲಿ ಮುಗಿಯುವುದರಿಂದ 2 ಮತ್ತು 5 ಲೆಕ್ಕಕ್ಕಿಲ್ಲ. ಅಂಕಿಗಳ ಮೊತ್ತ ಕ್ರಮವಾಗಿ 16, 16, 15. ಹಾಗಾಗಿ 3ರಿಂದ ಭಾಗವಾಗುವುದು ಚಿಕ್ಕಬಳ್ಳಾಪುರ ಮಾತ್ರ. 7, 11, 13 ಮೂರನ್ನೂ ಒಟ್ಟಿಗೆ ಪರೀಕ್ಷಿಸಬಹುದು, ಏಕೆಂದರೆ 7×11×13 = 1001. ಮೊದಲ ಮೂರಂಕಿಯಿಂದ ಕೊನೆಯ ಮೂರಂಕಿ ಕಳೆದು, ಉಳಿದದ್ದನ್ನು ಭಾಗಿಸಿ ನೋಡಿದರೆ ಸಾಕು. ಕೋಲಾರಕ್ಕೆ 563−101 = 462. ಇದು 7ರಿಂದಲೂ 11ರಿಂದಲೂ ಭಾಗವಾಗುತ್ತದೆ, 13ರಿಂದ ಆಗುವುದಿಲ್ಲ. 563101 ಅನ್ನು 7×11 ಅಂದರೆ 77ರಿಂದ ಭಾಗಿಸಿದರೆ ಸಿಗುವ 7313 ಎಂದರೆ 71×103. ತುಮಕೂರಿನದು 17×73×461.

1643ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ 2027651281 ಅನ್ನು 44021×46061 ಎಂದು ಒಡೆದ ದಾರಿ ಬೇರೆ. ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ ಪೂರ್ಣಾಂಕ ತೆಗೆದುಕೊಳ್ಳಿ, ಅದರ ವರ್ಗದಿಂದ ನಿಮ್ಮ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದು ಪೂರ್ಣವರ್ಗವಾದರೆ ಕೆಲಸ ಮುಗಿಯಿತು; ಇಲ್ಲದಿದ್ದರೆ ಆ ಪೂರ್ಣಾಂಕಕ್ಕೆ ಒಂದು ಕೂಡಿಸಿ ಮುಂದುವರಿಯಿರಿ. ಕೋಲಾರದ ವರ್ಗಮೂಲ 750.4ರ ಹತ್ತಿರ. 751ರ ವರ್ಗ 564001. ಕಳೆದರೆ 900, ಅಂದರೆ 30ರ ವರ್ಗ. ಮೊದಲ ಯತ್ನದಲ್ಲೇ ಸಿಕ್ಕಿತು: (751−30)×(751+30) = 721×781. ತುಮಕೂರಿಗೆ 757ರಿಂದ 851ರವರೆಗೆ 95 ಯತ್ನ ಬೇಕು.

ಚಿಕ್ಕಬಳ್ಳಾಪುರ ಸತಾಯಿಸುತ್ತದೆ. 750ರ ವರ್ಗ 562500, ಕಳೆದರೆ 399. ಇನ್ನೊಂದು ಹೆಚ್ಚಿದ್ದರೆ 400 ಆಗಿ 20ರ ವರ್ಗವಾಗುತ್ತಿತ್ತು! ಆ ಆಸೆಯಲ್ಲಿ ಮುಂದೆ ಹೋದವರು 93685ರವರೆಗೆ, ಒಟ್ಟು 92936 ಯತ್ನ ಮಾಡಬೇಕು. ಈ ಸಂಖ್ಯೆ 3×187367. ಎರಡು ಅಪವರ್ತನಗಳ ನಡುವಿನ ಅಂತರ ಹೆಚ್ಚಿದಷ್ಟೂ ಫರ್ಮಾ ವಿಧಾನ ಸೋಲುತ್ತದೆ. ಇಲ್ಲಿ ಹಳೆಯ ಭಾಗಾಕಾರವೇ ಮೇಲು.

187367 ಅವಿಭಾಜ್ಯವೆಂದು ಖಚಿತಪಡಿಸಲು ಎಷ್ಟು ದೂರ ಹೋಗಬೇಕು? 562101ರ ವರ್ಗಮೂಲ ಹಿಡಿದು 749ರವರೆಗೆ ಭಾಗಿಸುವುದು ದಂಡದ ಕೆಲಸ. 3 ಹೊರಬಂದ ಮೇಲೆ ಮಿತಿಯೂ ಇಳಿಯುತ್ತದೆ: 187367ರ ವರ್ಗಮೂಲ 432.9ರಷ್ಟು, 431ಕ್ಕೆ ನಿಲ್ಲಿಸಬಹುದು. ಅಲ್ಲಿಯವರೆಗಿನ ಅವಿಭಾಜ್ಯಗಳು 83. ಯಾವುದೂ ಭಾಗಿಸುವುದಿಲ್ಲ.

ಅದೇ ಜಿಲ್ಲೆಯ ಚಿಂತಾಮಣಿಯ 563125 ಇದಕ್ಕೆ ತದ್ವಿರುದ್ಧ. 5ರಿಂದ ನಾಲ್ಕು ಸಲ ಭಾಗಿಸಿದರೆ 901, ಅಂದರೆ 17×53.

ಬ್ಯಾಂಕ್ ವ್ಯವಹಾರ ಕಾಯುವ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಕೀಲಿಯಲ್ಲಿ ಎರಡು ಭಾರೀ ಅವಿಭಾಜ್ಯಗಳನ್ನು ಗುಣಿಸಿರುತ್ತಾರೆ. ಅವೆರಡೂ ದೊಡ್ಡವಾಗಿದ್ದರಷ್ಟೇ ಸಾಲದು, ಒಂದಕ್ಕೊಂದು ತೀರಾ ಹತ್ತಿರವೂ ಇರಬಾರದು. ಹತ್ತಿರವಿದ್ದರೆ ಎಷ್ಟೇ ಅಂಕಿಗಳಿದ್ದರೂ ಕೋಲಾರದ 751ರ ಲೆಕ್ಕದಂತೆಯೇ ಫರ್ಮಾ ವಿಧಾನಕ್ಕೆ ಬೇಗ ಸಿಕ್ಕಿಬೀಳುತ್ತವೆ.